ಮುಡುಪು ಕಟ್ಟಿದ ಟ್ರಂಕು

೧೯೫೭ನೇ ಇಸವಿ ಜುಲೈ ಹತ್ತೊಂಬತ್ತು, ಶುಕ್ರವಾರ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಶ್ರೀರಂಗಪಟ್ಟಣ ಠಾಣೆಗೆ ಇಬ್ಬರು ಬಂದರು. ಮುಂದೆ ಬಂದವರು ಕೆ.ಆರ್. ಪೇಟೆ ತಾಲ್ಲೂಕು ಹೊಸಹೊಳಲಿನ ರೈತ ಸಣ್ಣಯ್ಯ. ಹಿಂದೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಒಳಗೆ ಕಾಲಿಟ್ಟವನು ಅವರ ಮಗ ಮರಿಸ್ವಾಮಿ. ಜ್ವರ ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಹುಡುಗನ ಅಂಗಿ ಅವನದೋ ಅವರಪ್ಪನದೋ ಅನ್ನುವಷ್ಟು ಸಡಿಲವಾಗಿತ್ತು.

ಆ ವರ್ಷ ಎಲ್ಲಿ ನಾಲ್ಕು ಜನ ಸೇರಿದರೂ ಜ್ವರದ್ದೇ ಮಾತು. ಹೊರದೇಶದಿಂದ ಹಡಗಿನಲ್ಲಿ ಬಂತಂತೆ, ಮದರಾಸಿನಲ್ಲಿ ಇಳಿದು ರೈಲು ಹತ್ತಿತಂತೆ. ಬಡವ ಬಲ್ಲಿದ ಅನ್ನದೆ ಎಲ್ಲರನ್ನೂ ಹಾಸಿಗೆಗೆ ಕೆಡವಿತು. ಠಾಣೆಯಲ್ಲೂ ಅರ್ಧಕ್ಕರ್ಧ ಕಾನ್‌ಸ್ಟೇಬಲ್ಲುಗಳು ಮಲಗಿದ್ದರು. ಸಬ್ ಇನ್ಸ್‌ಪೆಕ್ಟರ್ ಶಿವರುದ್ರಯ್ಯ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದರು. ‘ಸಾಹೇಬ್ರಿಗೂ ಮೂಗುದಾರ ಬಿತ್ತು’ ಎಂದು ದಫೇದಾರ್ ಕೆಂಪಣ್ಣ ಬೆನ್ನ ಹಿಂದೆ ನಗುತ್ತಿದ್ದ.

“ಏನು ಹೋಗಿದೆ?” ಶಿವರುದ್ರಯ್ಯ ಕೇಳಿದರು.

“ಟ್ರಂಕು ಸಾಮಿ, ನನ್ ಮಗನ್ದು. ಗಂಜಾಂ ಆಸ್ಟಲ್ನಲ್ಲಿ ಮಡಗಿದ್ದ.”

“ಅದರಲ್ಲಿ ಏನಿತ್ತು?”

“ಬಟ್ಟೆ, ಪುಸ್ತಕ... ಸರ್ಟಿಫಿಕೇಟು ಸಾರ್,” ಮರಿಸ್ವಾಮಿ ಹೇಳಿದ. “ಎಸ್ಸೆಸ್ಸೆಲ್ಸಿದು, ಇಂಟರ್ಮೀಡಿಯೆಟ್‌ದು. ಎರಡೂ ಅಸಲು.”

“ನಕಲು ಇಲ್ಲವಾ?”

“ಅದೂ ಟ್ರಂಕಲ್ಲೇ ಇತ್ತು ಸಾರ್.”

ಕೆಂಪಣ್ಣನಿಗೆ ನಗು ಬಂತು. ಹುಡುಗನ ಮುಖ ನೋಡಿ ನುಂಗಿಕೊಂಡ. ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಬರುವ ಬುಧವಾರ ಅಸಲು ಸರ್ಟಿಫಿಕೇಟು ತೋರಿಸದಿದ್ದರೆ ಸೀಟು ಇನ್ನೊಬ್ಬರ ಪಾಲು. ಇಷ್ಟು ಹೇಳುವಷ್ಟರಲ್ಲಿ ಹುಡುಗನಿಗೆ ಏದುಸಿರು ಬಂದು, ಬೆಂಚಿನ ಮೇಲೆ ಕೂತುಬಿಟ್ಟ.

ಹಾಸ್ಟೆಲೆಂದರೆ ವಿಶ್ವವಿದ್ಯಾಲಯದವರು ಗಂಜಾಂನಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಹಳೇ ಮನೆ. ಮೈಸೂರಿನಲ್ಲಿ ಜಾಗ ಸಿಗದ ಹುಡುಗರು ಇಲ್ಲಿದ್ದು ದಿನಾ ರೈಲಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದರು. ಜುಲೈ ನಾಲ್ಕರಂದು ಜ್ವರಕ್ಕೆ ಹೆದರಿ ಹಾಸ್ಟೆಲು ಮುಚ್ಚಿದರು. ನಡೆಯಲು ಶಕ್ತಿಯಿದ್ದವರೆಲ್ಲ ಉಟ್ಟ ಬಟ್ಟೆಯಲ್ಲೇ ಊರು ಸೇರಿದರು, ಸಾಮಾನು ಅಲ್ಲೇ ಉಳಿಯಿತು. ಇನ್ನು ಯಾರಿಗೆ ಸಾಮಾನು ಬೇಕಾದರೂ ಮೈಸೂರಿನಿಂದ ಅನುಮತಿ ಚೀಟಿ ತರಬೇಕು. ಸಣ್ಣಯ್ಯ ಅಲೆದಾಡಿ ಚೀಟಿ ತಂದಿದ್ದರು. ಈ ದಿನ ಬೆಳಿಗ್ಗೆ ಬಾಗಿಲು ತೆಗೆಸಿದರೆ ಟ್ರಂಕೇ ಇಲ್ಲ, ಹಿತ್ತಲ ಬಾಗಿಲು ಮುರಿದಿತ್ತು.

ಎಫ್.ಐ.ಆರ್. ದಾಖಲಾಯಿತು. ಭಾರತ ದಂಡ ಸಂಹಿತೆ ಕಲಂ ೪೫೪ ಮತ್ತು ೩೮೦, ಮುಚ್ಚಿದ ಮನೆಯ ಬಾಗಿಲು ಮುರಿದು ಕಳವು. ಆರೋಪಿ, ಅಪರಿಚಿತರು.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಶಿವರುದ್ರಯ್ಯ ಗಂಜಾಂಗೆ ಹೋದರು. ಹಾಸ್ಟೆಲಿನ ಕಾವಲುಗಾರ ಹೆಸರಿಗೆ ಕುಳ್ಳಯ್ಯ, ಆಳು ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಹಿತ್ತಲ ಬಾಗಿಲ ಚಿಲಕದ ಕೊಂಡಿಯನ್ನು ಕಲ್ಲಿನಿಂದ ಜಜ್ಜಿ ಕಿತ್ತಿದ್ದರು. ಕಲ್ಲು ಅಲ್ಲೇ ಬಿದ್ದಿತ್ತು. ಮರಿಸ್ವಾಮಿಯ ಕೋಣೆಯಲ್ಲಿ ಎರಡು ಮಂಚ. ಗೂಡಿನಲ್ಲಿ ಅವನು ಮರೆತು ಹೋಗಿದ್ದ ಕೈಗಡಿಯಾರ ಹಾಗೇ ಇತ್ತು. ಗಡಿಯಾರ ಬಿಟ್ಟು ಹಳೇ ಟ್ರಂಕು ಹೊತ್ತುಕೊಂಡು ಹೋದ ಈ ಕಳ್ಳ ಎಂಥ ಪೆದ್ದ ಎಂದು ಪಂಚರಲ್ಲೊಬ್ಬ ಅಂದ.

ಅಷ್ಟರಲ್ಲಿ ಸಣ್ಣಯ್ಯ ಕೂಗಿಕೊಂಡರು. ಮಗನ ಮಂಚದ ಕೆಳಗೆ, ಟ್ರಂಕು ಇದ್ದ ಜಾಗದ ಪಕ್ಕದಲ್ಲಿ ಒಂದು ಮುತ್ತುಗದ ಎಲೆ. ಎಲೆಯ ಮೇಲೆ ಒಣಗಿದ ಮುದ್ದೆ, ಕುಂಕುಮ, ಆರಿದ ಊದುಕಡ್ಡಿ.

“ಮಾಟ ಸಾಮಿ, ಮಾಟ! ನಮ್ ದಾಯಾದಿ ಕರಿಯಪ್ಪನ್ದೇ ಕೆಲ್ಸ. ನನ್ ಮಗ ಡಾಕುಟ್ರಾಯ್ತಾನೆ ಅಂತ ಒಟ್ಟೆಕಿಚ್ಚು ಅವ್ನಿಗೆ. ಲೇ ಮರಿ, ಆಚೆ ಬಾರ್ಲಾ, ದಾಟಬ್ಯಾಡ ಅದ್ನ!”

ಪಂಚರಿಬ್ಬರೂ ಅಂಗಳಕ್ಕೆ ಓಡಿದರು. ಸರ್ಕಾರಿ ಪಂಚನಾಮೆ ಅರ್ಧಕ್ಕೇ ನಿಂತಿತು. ಶಿವರುದ್ರಯ್ಯ ಮೊಣಕಾಲೂರಿ ಬಗ್ಗಿದರು. ಮುದ್ದೆಗೆ ಇರುವೆ ಮುತ್ತಿತ್ತು. ಅದರ ನಡುವೆ ಹೆಬ್ಬೆರಳಿನಿಂದ ಒತ್ತಿದ ಗುಳಿ, ಗುಳಿಯಲ್ಲಿ ಹೆಪ್ಪುಗಟ್ಟಿದ ತುಪ್ಪ. ಪಕ್ಕದಲ್ಲಿ ಒಂದು ಹಿಡಿ ಕಡಲೆಕಾಯಿ, ಸಿಪ್ಪೆ ಬಿಡಿಸಿದ್ದು. ಅವರು ಅರಕೆರೆಯವರು, ಮುದ್ದೆ ಉಂಡು ಬೆಳೆದವರು.

“ಸಣ್ಣಯ್ಯನವರೇ, ಮಾಟ ಮಾಡುವವನು ಮುದ್ದೆಗೆ ಗುಳಿ ಮಾಡಿ ತುಪ್ಪ ಬಿಡ್ತಾನಾ? ಕಡಲೆಕಾಯಿ ಸಿಪ್ಪೆ ಬಿಡಿಸಿ ಇಡ್ತಾನಾ?”

ಕೆಂಪಣ್ಣನೂ ಬಗ್ಗಿ ನೋಡಿದ. “ಎಡೆ ಸಾರ್ ಇದು. ಸತ್ತೋರಿಗೆ ಇಡೋ ಎಡೆ.”

“ಈ ಕೋಣೆಯವರಲ್ಲಿ ಯಾರು ತೀರಿಕೊಂಡಿದ್ದು?”

ಮರಿಸ್ವಾಮಿ ಇನ್ನೊಂದು ಮಂಚದ ಕಡೆ ನೋಡಿದ. “ಜವರಾಯಿ ಸಾರ್. ನಾಗಮಂಗಲದ ಕಡೆಯವನು.”

ಆ ಮಂಚದ ಕೆಳಗೂ ಒಂದು ಟ್ರಂಕಿತ್ತು. ಹಸಿರು ಬಣ್ಣ, ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರ. ಇಬ್ಬರೂ ಹಾಸ್ಟೆಲು ಸೇರುವ ಮುಂಚೆ ಪಾಂಡವಪುರದ ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ ಟ್ರಂಕುಗಳಂತೆ.

“ನಿನ್ನ ಟ್ರಂಕಿಗೆ ಏನಾದರೂ ಗುರುತಿತ್ತಾ?”

“ಮುಚ್ಚಳದ ಮೇಲೆ ಹೆಸರು ಬರೆದಿದ್ದೆ ಸಾರ್.”

“ಓದಲು ಬಾರದವರಿಗೂ ಕಾಣುವಂಥ ಗುರುತು?”

ಹುಡುಗ ತಡೆದು ಹೇಳಿದ. “ಹಿಡಿಗೆ ಒಂದು ಗಂಟಿತ್ತು ಸಾರ್. ಅರಿಶಿನ ಬಟ್ಟೇದು. ಅದು... ನಂದಲ್ಲ. ಜವರಾಯೀದು.”

ಜವರಾಯಿಯ ತಾಯಿ ಮಗನನ್ನು ಓದಿಗೆ ಕಳಿಸುವಾಗ ಊರ ಮಾರಮ್ಮನಿಗೆ ಹರಕೆ ಹೊತ್ತು, ಅರಿಶಿನ ಬಟ್ಟೆಯಲ್ಲಿ ನಾಲ್ಕಾಣೆಯ ಪಾವಲಿ ಸುತ್ತಿ ಮುಡುಪು ಕಟ್ಟಿದ್ದಳು. ಎಲ್ಲರೂ ಮುಡುಪನ್ನು ದೇವರ ಗೂಡಿನಲ್ಲಿ ಇಟ್ಟರೆ, ಈಕೆ ಮಗನ ಟ್ರಂಕಿನ ಹಿಡಿಗೇ ಕಟ್ಟಿದಳು. ಮಗ ಓದು ಮುಗಿಸಿ ಕ್ಷೇಮವಾಗಿ ಮನೆಗೆ ಬಂದ ದಿನ ಬಿಚ್ಚಿ ತಾಯಿಗೆ ಒಪ್ಪಿಸುವುದು ಅಂತ. ಹಾಸ್ಟೆಲಿನಲ್ಲಿ ಹುಡುಗರು ಆ ಗಂಟು ನೋಡಿ ರೇಗಿಸುತ್ತಿದ್ದರು.

“ಜ್ವರ ಮೊದಲು ನನಗೇ ಬಂತು ಸಾರ್. ಮೈಮೇಲೆ ಪ್ರಜ್ಞೆ ಇರಲಿಲ್ಲ. ಅವನು ಗಂಟು ಬಿಚ್ಚಿ ನನ್ನ ಟ್ರಂಕಿಗೆ ಕಟ್ಟಿದ. ‘ಈಗ ನಿಂಗೆ ಬೇಕು ಕಣ್ಲಾ, ವಾಸಿ ಆದ್ಮೇಲೆ ವಾಪಸ್ ಕೊಡು’ ಅಂದ. ಗಂಜಿ ಕುಡಿಸಿದ. ಮೈ ಒರೆಸಿದ. ನಾಲ್ಕನೇ ತಾರೀಕು ನಮ್ಮಪ್ಪ ಗಾಡಿ ತಂದು ನನ್ನ ಕರೆದುಕೊಂಡು ಹೋದರು. ಆಗಲೇ ಅವನಿಗೂ ಮೈ ಕಾದಿತ್ತಂತೆ, ನನಗೆ ಹೇಳಲಿಲ್ಲ.” ಹುಡುಗ ಜವರಾಯಿಯ ಮಂಚದ ತುದಿ ಸವರಿದ. “ನಾನು ವಾಪಸ್ ಕೊಡಲೇ ಇಲ್ಲ ಸಾರ್.”

ಸಣ್ಣಯ್ಯ ಟವಲು ಬಾಯಿಗೆ ಒತ್ತಿಕೊಂಡರು. ಕರಿಯಪ್ಪನ ಹೆಸರು ಆಮೇಲೆ ಅವರ ಬಾಯಿಂದ ಬರಲಿಲ್ಲ.

ಇನ್ನು ಕುಳ್ಳಯ್ಯನ ಸರದಿ.

“ಈಚೆಗೆ ಯಾರು ಬಂದಿದ್ದರು?”

“ಯಾರೂ ಇಲ್ಲ ಬುದ್ಧಿ.”

“ಕುಳ್ಳಯ್ಯ, ಈಗಲೇ ಹೇಳಿದರೆ ಸಾಕ್ಷಿ. ಆಮೇಲೆ ಹೇಳಿದರೆ ಆರೋಪಿ.”

“ಸೋಮವಾರ ಒಂದೆಂಗ್ಸು ಬಂದಿತ್ತು ಬುದ್ಧಿ. ಜವರಾಯಿ ಅವ್ವ. ಆ ಉಡುಗ ಜ್ವರದೋರ್ನ ಮಲಗ್ಸಿದ್ದ ಛತ್ರದಲ್ಲಿ ಸತ್ತಿದ್ದು ಏಳನೇ ತಾರೀಕು. ಅವರೂರಲ್ಲಿ ಟಪಾಲಿನೋನೂ ಮಲ್ಗಿದ್ನಂತೆ, ಸುದ್ದಿ ಮುಟ್ಟೋ ಒತ್ಗೆ ಇಲ್ಲಿ ಮಣ್ಣು ಮಾಡಾಗಿತ್ತು. ನಾನೇ ಒಳೆ ದಡಕ್ಕೆ ಕರ್ಕೊಂಡೋಗಿ ಗುಂಡಿ ತೋರುಸ್ದೆ. ಟ್ರಂಕು ಕೊಡಪ್ಪ ಅಂತು. ಮೈಸೂರಿಂದ ಚೀಟಿ ತಗೊಂಬಾ ಅಂದೆ. ಮೈಸೂರಲ್ಲಿ ಯಾರ್ನ ಕೇಳ್ಲಿ ಅಂತು. ನಂಗೇನ್ ಗೊತ್ತು ಬುದ್ಧಿ? ಆಮೇಲೆ... ಬಾಯ್ ತಪ್ಪಿ ಒಂದ್ಮಾತು ಅಂದ್ಬುಟ್ಟೆ.”

“ಏನಂದೆ?”

“ಜ್ವರದಲ್ಲಿ ಸತ್ತೋರ ಬಟ್ಟೆ ಬರೆ ಸುಟ್ಟಾಕ್ತಾರೆ, ಬರೋ ಸೋಮವಾರ ಜನ ಬತ್ತಾರೆ ಅಂದೆ. ‘ನಮ್ಮಲ್ಲಿ ಸುಡಾಕಿಲ್ಲ ಕಣಪ್ಪ, ಮಣ್ಣು ಮಾಡ್ತೀವಿ’ ಅಂತು. ಅದ್ನೇ ಮೂರ್ನಾಕು ಸಲ ಅಂತು.”

“ಆಮೇಲೆ ಯಾವಾಗ ಬಾಗಿಲು ಬಿಟ್ಟು ಹೋಗಿದ್ದೆ?”

“ಮಂಗಳವಾರ ಮಧ್ಯಾನ ಉಣ್ಣಾಕೆ ಮನೇಗೋಗಿದ್ದೆ,” ಎಂದು ಕುಳ್ಳಯ್ಯ ಕೂದಲು ಕೆರೆದುಕೊಂಡ.

ಮುದ್ದೆ ಎಲ್ಲಿಂದ ಬಂತು ಎಂಬುದೂ ತಿಳಿಯಿತು. ಹಾಸ್ಟೆಲಿನಿಂದ ಮೂರನೇ ಮನೆಯ ಸರಸಮ್ಮ ಹೇಳಿಕೆ ಕೊಟ್ಟರು. “ನಿಮಿಷಾಂಬನ ಗುಡಿ ಮೆಟ್ಲಲ್ಲಿ ಮಲಗಿದ್ಲಂತೆ ಸ್ವಾಮಿ. ಮಂಗಳವಾರ ಬಂದು ಒಂದು ಮುದ್ದೆ ಕೊಡ್ತೀರೇನವ್ವ ಅಂದ್ಲು. ಕೊಟ್ಟೆ. ಚೂರು ತುಪ್ಪ ಬುಡವ್ವ, ನನ್ ಮಗನಿಗೆ, ಬರೀ ಮುದ್ದೆ ಮುಟ್ಟಾಕಿಲ್ಲ ಅವನು ಅಂದ್ಲು. ಮಗ ಎಲ್ಲವ್ನೆ ಅಂದೆ. ಆಸ್ಟಲ್ನಲ್ಲಿ ಅವ್ನೆ ಅಂದ್ಲು. ನಾನೇನೋ ನಿಜ ಅಂದ್ಕೊಂಡೆ.”

ಪಂಚನಾಮೆ ಮುಗಿಸಿ ಹೊರಡುವಾಗ ಶಿವರುದ್ರಯ್ಯ ಜವರಾಯಿಯ ಟ್ರಂಕನ್ನು ತೋರಿಸಿದರು. “ಕೆಂಪಣ್ಣ, ಇದನ್ನೂ ಜಪ್ತಿ ಮಾಡು.”

“ಇದು ಕಳುವಾಗಿಲ್ವಲ್ಲ ಸಾರ್?”

“ಕಳ್ಳ ಮುಟ್ಟಿರಬಹುದು. ಬರಕೋ.”

ಕೆಂಪಣ್ಣನಿಗೆ ಅರ್ಥವಾಯಿತು. ಕೇಸಿನ ಸೊತ್ತಿಗೆ ಬೆಂಕಿ ಇಡಲು ಯಾವ ಇಲಾಖೆಯವರಿಗೂ ಧೈರ್ಯವಿಲ್ಲ. ಟ್ರಂಕು ಠಾಣೆಗೆ ಹೋಯಿತು.

ಜುಲೈ ಇಪ್ಪತ್ತು, ಶನಿವಾರ. ಸೊತ್ತು ಗುರುತಿಸಲು ಮರಿಸ್ವಾಮಿಯನ್ನೂ ಕರೆದುಕೊಂಡು ಹೊರಟರು. ಪಾಂಡವಪುರದಲ್ಲಿ ನಾಗಮಂಗಲದ ಬಸ್ಸಿನ ಕಂಡಕ್ಟರು ಪ್ರಶ್ನೆ ಮುಗಿಯುವ ಮುಂಚೆಯೇ ಶುರುಮಾಡಿದ. “ಹಸ್ರು ಟ್ರಂಕಾ? ಮಂಗಳವಾರ ಸಾರ್. ಮೇಲಕ್ಕಾಕಮ್ಮ ಅಂದ್ರೆ ಕೊಡ್ನಿಲ್ಲ. ಎಳೆಮಗೀನಂಗೆ ತೊಡೆ ಮೇಲೆ ಮಡಿಕ್ಕಂಡು ಕೂತಿತ್ತು. ಇಬ್ರು ಜಾಗ ತಿಂತಲ್ಲ ಅಂತ ಬೈದ್ಬುಟ್ಟೆ.” ಅವನು ಟಿಕೆಟ್ಟಿನ ಕಟ್ಟು ತಿರುವಿದ. “ಬೈಬಾರದಿತ್ತೇನೋ.”

ನಾಗಮಂಗಲದಿಂದ ಊರಿಗೆ ಎರಡು ಹರದಾರಿ, ಎತ್ತಿನ ಗಾಡಿಯಲ್ಲಿ. ಜವರಾಯಿಯ ತಾಯಿ ದ್ಯಾವಮ್ಮನ ಮನೆ ಊರ ಕೊನೆಯಲ್ಲಿ. ಗಂಡ ಹೋಗಿ ಕಾಲವಾಗಿತ್ತು. ಐವತ್ತರ ಹೆಂಗಸು ಜಗಲಿ ಸಾರಿಸುತ್ತಿದ್ದವಳು ಖಾಕಿ ನೋಡಿ ಕೈ ತೊಳೆದುಕೊಂಡು ಎದ್ದಳು. ಓಡಲಿಲ್ಲ, ಅಳಲಿಲ್ಲ.

“ಟ್ರಂಕಿಗಾ ಬುದ್ಧಿ? ಬನ್ನಿ, ಒಳಗೈತೆ.”

“ನೀವೇ ತಂದದ್ದಾ?”

“ಊಂ. ಕೇಳ್ದೆ, ಕೊಡ್ನಿಲ್ಲ. ಸುಡ್ತೀವಿ ಅಂದ್ರು. ಮಗನ ಮುಖವೂ ನೋಡ್ನಿಲ್ಲ ನಾನು. ಮೊನ್ನೆ ಬುಧವಾರ ತಿಥಿ ಇತ್ತು, ಎಡೆಗೆ ಅವ್ನು ಉಟ್ಟಿದ್ ಬಟ್ಟೆನಾದ್ರೂ ಬ್ಯಾಡ್ವಾ? ಕಲ್ಲು ತಕ್ಕೊಂಡು ಜಜ್ಜಿದೆ. ಜೀವ ಅಲ್ಲೇ ಸುತ್ತತಾ ಇರ್ತದೆ ಅಂತಾರೆ. ಎಡೆ ಮಡಗಿ, ಬಾರಪ್ಪ ಮನೇಗೋಗವ ಅಂತ ಕರ್ಕೊಂಡ್ ಬಂದೆ.”

ನಡುಮನೆಯಲ್ಲಿ ಟ್ರಂಕಿತ್ತು. ಹಿಡಿಯಲ್ಲಿ ಹಳದಿ ಗಂಟು. ಗೋಡೆಯ ಪಕ್ಕ ಹಾಕಿದ ಮಣೆಯ ಮೇಲೆ ಮಡಿಸಿಟ್ಟ ಬಿಳಿ ಅಂಗಿ, ಅದರ ಮೇಲೆ ಸರ್ಟಿಫಿಕೇಟುಗಳು, ಎರಡರ ಮಧ್ಯಕ್ಕೂ ಕುಂಕುಮದ ಬೊಟ್ಟು. ಸುತ್ತ ಬಾಡಿದ ಹೂವು. ಮರಿಸ್ವಾಮಿ ತನ್ನ ಹೆಸರಿನ ಕಾಗದ, ತನ್ನ ಅಂಗಿ ಸತ್ತವನ ಪೀಠದ ಮೇಲೆ ಇರುವುದನ್ನು ನೋಡಿ ಬಾಗಿಲಲ್ಲೇ ನಿಂತ.

“ಓದಿದ ಕಾಗ್ದ ಬುದ್ಧಿ ಅವು. ಮುಂಚಿನ ನಾಕು ಕೂಸೂ ಉಳೀನಿಲ್ಲ. ಜವರಾಯನ ಎಸ್ರಿಕ್ಕು, ಸಾವಿನ ದೇವ್ರು ತನ್ನ ಎಸರಿನೋನ್ನ ಮುಟ್ಟಾಕಿಲ್ಲ ಅಂದ್ರು. ಇಕ್ಕಿದೆ.” ಅವಳು ಅಂಗಿಯ ತೋಳು ಸರಿಮಾಡಿದಳು. “ಈ ಅಂಗಿ ಯಾವಾಗ ಒಲಿಸಿದ್ನೋ. ಮೂಸಿದ್ರೆ ಅವನ ವಾಸ್ನೇನೇ ಇಲ್ಲ. ಆಸ್ಪತ್ರೆ ಔಸ್ದಿ ತಿಂದ್ಬುಡ್ತು ಅಂದ್ಕೊಂಡೆ.”

ಶಿವರುದ್ರಯ್ಯ ದಾರಿಯುದ್ದಕ್ಕೂ ಇದನ್ನೇ ಯೋಚಿಸಿಕೊಂಡು ಬಂದಿದ್ದರು. ಗಂಟಿನ ಸಂಗತಿ ಹೇಳಬೇಕೋ ಬೇಡವೋ? ಎಫ್.ಐ.ಆರ್.ಗೆ ಅದು ಬೇಕಿಲ್ಲ. ಟ್ರಂಕು ಬೇರೆಯವರದು ಎಂದಷ್ಟೇ ಹೇಳಿದರೆ ಸಾಕು. ಅವರು ಬಾಯಿ ತೆರೆಯುವ ಮೊದಲೇ ಮರಿಸ್ವಾಮಿ ಅವಳ ಕಾಲ ಮೇಲೆ ಬಿದ್ದಿದ್ದ.

“ಅವ್ವಾ, ಅದು ನಂದು. ಅಂಗಿ ನಂದು. ನಾನು ಮರಿಸ್ವಾಮಿ.”

ದ್ಯಾವಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಮಾಡಿದ್ದನ್ನು ಕಂಡು ಕೆಂಪಣ್ಣ ಮುಖ ತಿರುಗಿಸಿದ. ಹುಡುಗನನ್ನು ಎಬ್ಬಿಸಿದಳು. “ಅಯ್ಯೋ ನನ್ ಕೈ ಸೇದೋಗ! ಬದುಕಿರೋ ಮಗೀನ ಬಟ್ಟೆಗೆ ಎಡೆ ಇಟ್ಬುಟ್ನಲ್ಲಾ!” ಎಂದು ಅವನ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದಳು. ಅಂಗಿಯ ಮೇಲಿನ ಹೂವನ್ನು ಬಾಚಿ ಆಚೆಗೆ ಎಸೆದಳು. “ನೂರು ವರ್ಸ ಬಾಳಪ್ಪ. ಆಡಿದ್ದು ಮಾಡಿದ್ದು ನಿನ್ನ ತಟ್ಟದೇ ಇರ್ಲಿ. ಥೂ, ಥೂ.”

ಆಮೇಲೆ ಅವಳ ಕಣ್ಣು ಹಿಡಿಯ ಮೇಲೆ ಬಿತ್ತು.

“ಗಂಟು ನನ್ ಕೈಯಿಂದ್ಲೇ ಕಟ್ಟಿದ್ದು. ಇದು ನಿನ್ ತಾವ ಎಂಗ್ ಬಂತು?”

ಹುಡುಗ ಹೇಳಿದ. ಜ್ವರ, ಗಂಜಿ, ‘ಈಗ ನಿಂಗೆ ಬೇಕು ಕಣ್ಲಾ’, ಎಲ್ಲವನ್ನೂ. ಅವಳು ಸೆರಗಿನ ಚುಂಗು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿದಳು. “ಅಂಗೇ ಕನ ಅವ್ನು,” ಅಂದಳು ಕೊನೆಗೆ. “ಕೊಟ್ಬುಡ್ತಿದ್ದ. ತಟ್ಟೇಲಿದ್ದಿದ್ದೂ ಕೊಟ್ಬುಡ್ತಿದ್ದ.”

ಮಧ್ಯಾಹ್ನ ಎರಡು ಗಂಟೆಗೆ ಟ್ರಂಕು, ಅಂಗಿ, ಸರ್ಟಿಫಿಕೇಟು ವಶಪಡಿಸಿಕೊಂಡು, ದ್ಯಾವಮ್ಮನನ್ನು ದಸ್ತಗಿರಿ ಮಾಡಲಾಯಿತು. ಊರ ಪಟೇಲರು ಸಹಿ ಹಾಕಿದರು. ಜೊತೆಗೆ ಪಕ್ಕದ ಮನೆಯ ಹೆಂಗಸೊಬ್ಬಳನ್ನು ಕಳಿಸಿದರು. ಬೇಡಿ ಹಾಕುವ ಮಾತೇ ಬರಲಿಲ್ಲ. ಗಾಡಿ ಊರಾಚೆ ಬೇವಿನ ಮರದ ಹತ್ತಿರ ಬಂದಾಗ ದ್ಯಾವಮ್ಮ ಕೇಳಿದಳು.

“ಬುದ್ಧಿ, ಒಸಿ ನಿಲ್ಸ್ತೀರಾ? ಮಾರಮ್ಮನ ಗುಡಿ. ಮುಡುಪು ತೀರುಸ್ಬೇಕು.”

“ಯಾತರ ಮುಡುಪಮ್ಮ ಇನ್ನು?” ಕೆಂಪಣ್ಣನ ಬಾಯಿಂದ ಬಂದೇಬಿಟ್ಟಿತು.

“ಮಾತು ಮಾತೇ ಅಲ್ವಾ ದಫೇದಾರ್ರೇ?”

ಗಂಟು ಕೇಸಿನ ಸೊತ್ತು. ಶಿವರುದ್ರಯ್ಯ ಪಟ್ಟಿ ನೋಡಿದರು. ‘ಹಸಿರು ಟ್ರಂಕು ಒಂದು’ ಎಂದಷ್ಟೇ ಇತ್ತು. ಅವರು ತಲೆಯಾಡಿಸಿದರು. ಅವಳು ಹಿಡಿಯಿಂದ ಗಂಟು ಬಿಚ್ಚಿ, ಮರಿಸ್ವಾಮಿಯ ಕೈ ಹಿಡಿದುಕೊಂಡು ಇಳಿದಳು. ಪಾವಲಿಯನ್ನು ಅವನ ಕೈಯಿಂದಲೇ ಕಲ್ಲಿನ ಮುಂದೆ ಇಡಿಸಿದಳು.

“ತಾಯಿ, ನಿನ್ ಮಾತು ನೀನು ಉಳಿಸ್ಕಂಡೆ. ಗಂಟು ಯಾರ ತಾವಿತ್ತೋ ಅವನ್ನ ಕಾದೆ. ತಪ್ಪು ನಿಂದಲ್ಲ,” ಅಂದಳು. “ಇವ್ನ ಇಂಗೇ ಕಾದುಕೋ.”

ಬಸ್ಸಿನಲ್ಲಿ ಅದೇ ಕಂಡಕ್ಟರು. ಅವಳು ಟ್ರಂಕನ್ನು ಮತ್ತೆ ತೊಡೆಯ ಮೇಲೇ ಇಟ್ಟುಕೊಂಡಳು. ಅವನು ಪಕ್ಕದ ಸೀಟಿನವರನ್ನು ಸರಿಸಿ ಜಾಗ ಮಾಡಿಕೊಟ್ಟ.

ಠಾಣೆ ತಲುಪುವಾಗ ಸಂಜೆ ಆರು. ಸಣ್ಣಯ್ಯ ಕಾದಿದ್ದರು. ಮಗನ ಅಂಗಿಗೆ ಎಡೆ ಇಟ್ಟವಳು ಎಂದು ಕೇಳಿ ಒಂದು ಗಳಿಗೆ ಅವರ ಮುಖ ಕೆಂಪಾಯಿತು. ಮಗ ಅವಳ ಸೆರಗು ಹಿಡಿದು ನಿಂತಿದ್ದನ್ನು ನೋಡಿ ದನಿ ಇಳಿಯಿತು.

“ಸಾಮಿ, ದೂರು ವಾಪಸ್ ತಗೊಂಡ್ಬುಡ್ತೀನಿ. ಅರ್ದಾಕ್ಬುಡಿ.”

“ಬರೆದದ್ದನ್ನು ಹರಿಯಲು ಬರುವುದಿಲ್ಲ ಸಣ್ಣಯ್ಯನವರೇ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿ. ಸರ್ಟಿಫಿಕೇಟಿಗೆ ಸೋಮವಾರವೇ ಆರ್ಡರು ಕೊಡಿಸುತ್ತೇನೆ. ಬುಧವಾರ ತಪ್ಪುವುದಿಲ್ಲ.”

ಆಮೇಲೆ ಅವರು ಜವರಾಯಿಯ ಟ್ರಂಕನ್ನು ತರಿಸಿದರು. ಆರೋಪಿಯ ಸಮಕ್ಷಮ ಪರಿಶೀಲನೆ ಎಂದು ಕಾಗದದಲ್ಲಿ. ಮುಚ್ಚಳ ತೆಗೆದಾಗ ಮೇಲೇ ಇತ್ತು, ಕೊರಳ ಪಟ್ಟಿ ಸವೆದ ನೀಲಿ ಅಂಗಿ, ಕಂಕುಳಲ್ಲಿ ಅವ್ವ ಹಾಕಿದ ಕೈಹೊಲಿಗೆ. ದ್ಯಾವಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡಳು. ಅಲ್ಲಿಯವರೆಗೆ ಒಂದು ಹನಿ ಹಾಕದಿದ್ದವಳು ಆಗ ಅತ್ತಳು. ಆ ಅಳು ರಸ್ತೆಯವರೆಗೆ ಕೇಳಿತು. ಠಾಣೆಯಲ್ಲಿ ಯಾರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ.

“ತಿಥಿ ಮುಗೀತಲ್ಲ ಬುದ್ಧಿ,” ಅಂದಳು ಬಿಕ್ಕುತ್ತಾ. “ಅವ್ನಿಗೆ ಎಡೆ ಮುಟ್ಟೇ ಇಲ್ಲ. ಅಸ್ಕೊಂಡವ್ನೆ.”

ಶಿವರುದ್ರಯ್ಯ ಕೆಂಪಣ್ಣನನ್ನು ನೋಡಿದರು. ಕೆಂಪಣ್ಣ ಟೋಪಿ ಮೇಜಿನ ಮೇಲಿಟ್ಟು ಮನೆಗೆ ಹೋದ. ಬಾಳೆ ಎಲೆ, ಬಿಸಿ ಮುದ್ದೆ, ಲೋಟದಲ್ಲಿ ತುಪ್ಪ ತಂದ. ಠಾಣೆಯ ಹಿಂದಿನ ಅಂಗಳದಲ್ಲಿ ಎಲೆ ಹಾಕಿ, ಪಕ್ಕದಲ್ಲಿ ನೀಲಿ ಅಂಗಿ ಇಟ್ಟು, ದ್ಯಾವಮ್ಮ ಮುದ್ದೆಗೆ ಹೆಬ್ಬೆರಳೊತ್ತಿ ಗುಳಿ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಎಲೆಯನ್ನು ಮರಿಸ್ವಾಮಿಯ ಕಡೆ ತಳ್ಳಿದಳು.

“ನೀನು ಉಣ್ಣಪ್ಪ. ಅವ್ನಿದ್ದಿದ್ರೂ ಮೊದ್ಲು ನಿಂಗೇ ಬಡ್ಸು ಅಂತಿದ್ದ.”

ಹುಡುಗ ಅಳುತ್ತಲೇ ಉಂಡ.

ಜುಲೈ ಇಪ್ಪತ್ತೆರಡರಂದು ಆರೋಪಿ ತಪ್ಪೊಪ್ಪಿಕೊಂಡಳು. ಮ್ಯಾಜಿಸ್ಟ್ರೇಟರು ಎಚ್ಚರಿಕೆ ಕೊಟ್ಟು ಬಿಟ್ಟರು, ನೀಲಿ ಅಂಗಿಯ ಟ್ರಂಕು ಅವಳಿಗೇ ಸೇರಬೇಕೆಂದರು. ಮರಿಸ್ವಾಮಿ ಕುಂಕುಮದ ಕಲೆಯ ಸರ್ಟಿಫಿಕೇಟನ್ನೇ ತೋರಿಸಿ ಕಾಲೇಜು ಸೇರಿದ. ಕೇಸಿನ ಕಾಗದಗಳಲ್ಲಿ ಗಂಟಿನ ಮಾತು ಎಲ್ಲೂ ಇಲ್ಲ. ಶನಿವಾರ ಸಂಜೆಯ ಠಾಣಾ ದಿನಚರಿಯಲ್ಲಿ ಶಿವರುದ್ರಯ್ಯ ಬರೆದದ್ದು ಒಂದೇ ಸಾಲು: ‘ಆರೋಪಿಗೆ ಊಟ ಕೊಡಲಾಯಿತು.’ ಆರೋಪಿ ಉಣ್ಣಲಿಲ್ಲ ಎಂಬುದನ್ನು ಅವರು ಬರೆಯಲಿಲ್ಲ.